ಟ್ಯಾಂಡಮ್ ಸೈಕಲ್: ಹಿಂದಿನ ಸೀಟಿನವಳ ವಿಮರ್ಶೆ

ಇಬ್ಬರು ತುಳಿಯುವ ಈ ಸೈಕಲ್ ಬಗ್ಗೆ ಬರೆಯುವವರು ಹೆಚ್ಚಾಗಿ ಮುಂದೆ ಕೂರುವವರು. ನಾನು ಹಿಂದಿನವಳು. ಬ್ರೇಕ್, ಗೇರ್ ಎಲ್ಲ ತಮ್ಮನ ಕೈಲಿ. ನನಗಿರುವ ಹ್ಯಾಂಡಲ್ ಹಿಡಿದುಕೊಳ್ಳಲಿಕ್ಕೆ ಮಾತ್ರ, ಅದು ತಿರುಗುವುದಿಲ್ಲ. ಹಲವು ವರ್ಷ ಓಡಿಸಿದ ಮೇಲೆ ನನ್ನ ತೀರ್ಪು ಇಷ್ಟು: ಸಮತಟ್ಟು ರಸ್ತೆಯಲ್ಲಿ ಇದರ ಓಟಕ್ಕೆ ಸಾಟಿಯಿಲ್ಲ, ಪರೀಕ್ಷೆಯೆಲ್ಲ ಹೊರಡುವಾಗ ಮತ್ತು ನಿಲ್ಲುವಾಗ.

ಎರಡೂ ಜೊತೆ ಪೆಡಲ್‌ಗಳನ್ನು ಒಂದು ಚೈನ್ ಕಟ್ಟಿಹಾಕಿರುತ್ತದೆ, ಸಾಮಾನ್ಯವಾಗಿ ಎಡಗಡೆ. ಅವನು ನಿಲ್ಲಿಸಿದರೆ ನನ್ನ ಕಾಲೂ ನಿಲ್ಲಲೇಬೇಕು. ಹಾಗಾಗಿ ಇಬ್ಬರೂ ಒಂದೊಂದು ಕಾಲು ನೆಲಕ್ಕೂರಿ ಒಟ್ಟಿಗೆ ತಳ್ಳಿಕೊಂಡು ಹೊರಡುವ ಪದ್ಧತಿ ನನಗೆ ಸುತರಾಂ ಹಿಡಿಸಲಿಲ್ಲ. ಒಬ್ಬರ ಪಾದ ಪೆಡಲ್ ಹುಡುಕುತ್ತಿರುವಾಗಲೇ ಇನ್ನೊಬ್ಬರು ತುಳಿದಿರುತ್ತಾರೆ, ಸೈಕಲ್ ಓಲಾಡುತ್ತದೆ.

ನಮಗೆ ಒಗ್ಗಿದ್ದು ಬೇರೆ. ತಮ್ಮ ತನ್ನ ಸೀಟಿನ ಮುಂದೆ ಕಂಬಿಯ ಆಚೀಚೆ ಕಾಲಗಲಿಸಿ ನಿಂತು, ಎರಡೂ ಬ್ರೇಕ್ ಒತ್ತಿ ಹಿಡಿಯುತ್ತಾನೆ. ನಾನು ಹತ್ತಿ ಕೂತು ಎರಡೂ ಪಾದ ಪೆಡಲ್ ಮೇಲಿಡುತ್ತೇನೆ. ಆಮೇಲೆ ಹಿಮ್ಮುಖವಾಗಿ ತುಳಿದು ಅವನ ಬಲ ಪೆಡಲನ್ನು ಮೇಲೆ, ತುಸು ಮುಂದಕ್ಕೆ ತಂದು ನಿಲ್ಲಿಸುವುದು ನನ್ನ ಕೆಲಸ. ಕಾಲು ಸಾಕಷ್ಟು ಅಗಲಿಸಿರದಿದ್ದರೆ ಪೆಡಲ್ ಅವನ ಮೊಣಕಾಲ ಕೆಳಗೆ ಸರಿಯಾಗಿ ಬಡಿಯುತ್ತದೆ!

"ಅಕ್ಕಾ, ಸರಿನಾ?"

"ಹ್ಞೂಂ, ಹೊರಡು."

ಬ್ರೇಕ್ ಬಿಟ್ಟು ಅವನು ಪೆಡಲ್ ಮೇಲೆ ಭಾರ ಹಾಕುತ್ತಾನೆ, ಅದೇ ಗಳಿಗೆಗೆ ನಾನೂ ತುಳಿಯುತ್ತೇನೆ. ಅವನು ಸೀಟಿಗೇರಿ ಎಡಗಾಲು ಮೇಲಿಡುವಷ್ಟರಲ್ಲಿ ಸೈಕಲ್‌ಗೆ ವೇಗ ಬಂದಿರುತ್ತದೆ. ವೇಗ ಬಂದರೆ ಓಲಾಟ ತಾನೇ ಅಡಗುತ್ತದೆ.

ನಿಲ್ಲುವಾಗ ನಾನು ಇಳಿಯುವುದೇ ಇಲ್ಲ. ಸಿಗ್ನಲ್ ಕಂಡಾಗಲೇ ಅವನು "ನಿಲ್ತೀನಿ" ಅಂತಾನೆ, ಚೈನ್ ತಿರುಗುತ್ತಿರುವಾಗಲೇ ಹಗುರ ಗೇರಿಗೆ ಇಳಿಸುತ್ತಾನೆ. ಮರೆತರೆ ಹಿಂಚಕ್ರ ಎತ್ತಿ ಪೆಡಲ್ ತಿರುಗಿಸಬೇಕು, ಅದೂ ಹಿಂದೆ ಗಾಡಿಗಳು ಹಾರ್ನ್ ಹೊಡೆಯುತ್ತಿರುವಾಗ. (ಹಿಂಚಕ್ರದ ನಡುವಿನ ಹಬ್ ಒಳಗೇ ಗೇರ್ ಇದ್ದರೆ ಈ ಫಜೀತಿಯಿಲ್ಲ, ನಿಂತೂ ಬದಲಿಸಬಹುದು.) ನಿಂತಷ್ಟು ಹೊತ್ತೂ ನನ್ನ ಭಾರ ಅವನ ಕಾಲ ಮೇಲೆ. ನೀರಿನ ಬಾಟಲಿಗೆ ಬಗ್ಗಿದರೂ ಹೇಳಿಯೇ ಬಗ್ಗುತ್ತೇನೆ.

ತುಳಿಯುವುದನ್ನು ಸುಮ್ಮನೆ ಬಿಡುವಾಗಲೂ, ಗುಂಡಿ ಬಂದಾಗಲೂ ಮುಂದಿನವರು ಬಾಯಿಬಿಟ್ಟು ಹೇಳಲೇಬೇಕು. ಪ್ಯಾರಾಲಿಂಪಿಕ್ಸ್‌ನಲ್ಲಿ ದೃಷ್ಟಿದೋಷವುಳ್ಳ ಸ್ಪರ್ಧಿಗಳು ಹಿಂದೆ ಕೂತು ಓಡಿಸುವುದೂ ಟ್ಯಾಂಡಮ್ ಸೈಕಲನ್ನೇ. ಮೌನವ್ರತದವರ ಹಿಂದೆ ಮಾತ್ರ ನಾನು ಕೂರುವುದಿಲ್ಲ.

ಯಂತ್ರದ ಬಗ್ಗೆ ದೂರು ಕಡಿಮೆ. ಎಡಗಡೆಯ ಚೈನ್ ಸಡಿಲವಾದರೆ ಹೊರಡುವಾಗ ಸಣ್ಣದೊಂದು ಜಗ್ಗು ಕಾಲಿಗೆ ತಿಳಿಯುತ್ತದೆ, ಬಿಗಿ ಮಾಡಿಸಿದರೆ ಸರಿ. ಇಬ್ಬರ ತೂಕಕ್ಕೆ, ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್ ಉದ್ದ ಇಳಿಜಾರಿನಲ್ಲಿ ವಿಪರೀತ ಬಿಸಿಯಾಗುತ್ತದೆ. ಗುಡ್ಡಗಾಡಿನವರು ಒಳ್ಳೆಯ ಡಿಸ್ಕ್ ಬ್ರೇಕ್ ಇರುವುದನ್ನೇ ನೋಡಿ.

ಕೊಳ್ಳುವ ಮೊದಲು ಮುಂದಿನವರು ಕಂಬಿಯ ಮೇಲೆ ಕಾಲಗಲಿಸಿ ನಿಂತು ನೋಡಲಿ, ಎರಡೂ ಪಾದ ಪೂರ್ತಿ ನೆಲಕ್ಕೆ ಹತ್ತಬೇಕು. ತುದಿಗಾಲಲ್ಲಿ ನಿಲ್ಲುವಂತಿದ್ದರೆ ಆ ಅಳತೆ ಬೇಡ, ಎಷ್ಟೇ ಅಗ್ಗಕ್ಕೆ ಸಿಕ್ಕರೂ.