ಏರು ಡ್ರೈವ್‌ವೇಗೆ ಸೆಕೆಂಡ್ ಹ್ಯಾಂಡ್ ಸ್ನೋ ಬ್ಲೋವರ್: ಸಿಸಿ ಬಿಡಿ, ಹಿಡಿತ ನೋಡಿ

ಅಮೆರಿಕದ ಡುಲೂತ್‌ನಂಥ ಗುಡ್ಡದ ಊರಲ್ಲಿ ಹಳೆಯ ಸ್ನೋ ಬ್ಲೋವರ್ (ಮನೆ ಮುಂದಿನ ದಾರಿಯ ಹಿಮ ಬಾಚಿ ಎಸೆಯುವ ಯಂತ್ರ) ಮಾರುವವರು ಮೊದಲು ಹೇಳುವುದು ಎಂಜಿನ್ ಎಷ್ಟು ಸಿಸಿ, ಅಗಲ ಎಷ್ಟು ಇಂಚು ಅಂತ. ಏರಿನಲ್ಲಿ ಇವೆರಡೂ ಆಮೇಲಿನ ಮಾತು. ಚಕ್ರ ನಿಂತಲ್ಲೇ ತಿರುಗಿದರೆ 300 ಸಿಸಿ ಇದ್ದೂ ಏನು ಬಂತು? 30 ಇಂಚಿನ ಯಂತ್ರವನ್ನು ಇಳಿಜಾರಿನಲ್ಲಿ ತಿರುಗಿಸುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. 24 ಇಂಚು ಧಾರಾಳವಾಯಿತು. ಆಗರ್ (ಹಿಮ ಬಾಚುವ ತಿರುಗು ಸುರುಳಿ) ಒಂದೇ ಬಾಚಿ ಎಸೆಯುವ ಸಿಂಗಲ್ ಸ್ಟೇಜ್ ಅಂತೂ ಬೇಡ. ಹೆಚ್ಚಿನವುಗಳಲ್ಲಿ ನೆಲ ಉಜ್ಜುವ ರಬ್ಬರ್ ಆಗರ್ ತಾನೇ ಗಾಡಿಯನ್ನು ಎಳೆಯಬೇಕು, ಏರು ಬಂದಾಗ ನೀವೇ ತಳ್ಳಬೇಕು.

ಏರಿಯನ್ಸ್, ಟೋರೋ ಕಂಪನಿಗಳ ಟೂ ಸ್ಟೇಜ್‌ಗಳಲ್ಲಿ (ಆಗರ್ ಬಾಚಿದ್ದನ್ನು ಇನ್ನೊಂದು ಚಕ್ರ ಎಸೆಯುವ ಮಾದರಿ) ಸಾಮಾನ್ಯವಾಗಿ ಇರುವುದು ಫ್ರಿಕ್ಷನ್ ಡಿಸ್ಕ್, ಅಂದರೆ ಎಂಜಿನ್ ಬಲವನ್ನು ಉಜ್ಜಿಕೊಂಡು ಚಕ್ರಕ್ಕೆ ದಾಟಿಸುವ ರಬ್ಬರ್ ಅಂಚಿನ ತಟ್ಟೆ. ಏರಿನಲ್ಲಿ ಮೊದಲು ಸವೆಯುವುದೂ ಅದೇ. ಪೆಟ್ರೋಲ್ ಖಾಲಿ ಮಾಡಿಸಿ, ಗಾಡಿಯನ್ನು ಆಗರ್ ಬಾಯಿಯ ಮೇಲೆ ನಿಲ್ಲಿಸಿ, ಅಡಿಯ ತಗಡು ಬಿಚ್ಚಿ. ಡಿಸ್ಕ್‌ನ ರಬ್ಬರ್ ಅಂಚು ಲೋಹದ ತಟ್ಟೆಗಿಂತ ಸ್ಪಷ್ಟವಾಗಿ ಹೊರಗಿರಬೇಕು. ಸಮವಾಗಿದ್ದರೆ, ಬಿರುಕಿದ್ದರೆ ಬದಲಿಸಲೇಬೇಕು, ಬೆಲೆಯಲ್ಲಿ ಅಷ್ಟು ಇಳಿಸಿ. ಗ್ರೀಸ್ ಮೆತ್ತಿದ್ದರೆ ಹೊಸ ರಬ್ಬರ್ ಕೂಡ ಜಾರುತ್ತದೆ. ಇನ್ನೊಂದು: ಡ್ರೈವ್ ಲಿವರ್ ಬಿಟ್ಟಾಗ ಡಿಸ್ಕ್ ಬೇರ್ಪಡುತ್ತದೆ, ಬ್ರೇಕ್ ಇಲ್ಲದ ಗಾಡಿ ಕೆಳಗೆ ಉರುಳಬಹುದು. ಮಾರುವವರ ಮನೆ ಎದುರಿನ ಇಳಿಜಾರಿನಲ್ಲೇ ಇದನ್ನು ನೋಡಿಬಿಡಿ. ಚಕ್ರಕ್ಕೆ ಚೈನ್ ಕಡ್ಡಾಯ. ಕೊಡುವವರ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರುತ್ತದೆ, ಕೇಳಿ ಪಡೆಯಿರಿ.

ತೀರಾ ಕಡಿದಾದ ಏರಿಗೆ, ಚಕ್ರದ ಬದಲು ರಬ್ಬರ್ ಪಟ್ಟಿಯ ಮೇಲೆ ಓಡುವ ಹೋಂಡಾ ಟ್ರ್ಯಾಕ್ ಮಾದರಿಯೇ ಸರಿ. ಹೈಡ್ರೋಸ್ಟ್ಯಾಟಿಕ್ (ಆಯಿಲ್ ಒತ್ತಡದಿಂದ ಓಡಿಸುವ) ಡ್ರೈವ್ ಇರುವುದರಿಂದ ಗೇರ್ ಬದಲಿಸುವ ಗೋಜಿಲ್ಲ, ವೇಗ ಕೂದಲೆಳೆಯಷ್ಟು ಕಡಿಮೆ ಮಾಡಬಹುದು. ಹಳೆಯ ಎಚ್‌ಎಸ್928 ಟ್ರ್ಯಾಕ್ ಗಟ್ಟಿಮುಟ್ಟು, ಆದರೆ ತಿರುಗಿಸಲು ತೋಳ್ಬಲ ಬೇಕು. 2015ರ ನಂತರದ ಎಚ್‌ಎಸ್‌ಎಸ್928ರಲ್ಲಿ ಸ್ಟಿಯರಿಂಗ್ ಟ್ರಿಗರ್ ಇದೆ, 120 ಕೆ.ಜಿ. ದಾಟುವ ಗಾಡಿಗೆ ಅದು ದೊಡ್ಡ ಉಪಕಾರ. ಹೈಡ್ರೋ ಘಟಕ ಕೆಟ್ಟರೆ ಮಾತ್ರ ರಿಪೇರಿ ಖರ್ಚು ಹಳೆಯ ಗಾಡಿಯ ಬೆಲೆಗೇ ಸವಾಲು ಹಾಕುತ್ತದೆ. ಬಿಸಿಯಾದ ಮೇಲೆ ಏರಿಸಿ ನೋಡಿ, ಉಸಿರುಗಟ್ಟಿದಂತೆ ನಿಧಾನವಾದರೆ ವಾಪಸ್ಸು ಬನ್ನಿ.

ಆಗರ್ ಪರೀಕ್ಷೆಗೆ ಎರಡು ನಿಮಿಷ ಸಾಕು. ಸ್ಪಾರ್ಕ್ ಪ್ಲಗ್ ವೈರ್ ಕಿತ್ತು, ಶಿಯರ್ ಪಿನ್ (ಪೆಟ್ಟು ಬಿದ್ದಾಗ ತಾನೇ ತುಂಡಾಗಿ ಗೇರ್‌ಬಾಕ್ಸ್ ಉಳಿಸುವ ಪಿನ್) ತೆಗೆದು, ಆಗರ್ ಅನ್ನು ಕೈಯಲ್ಲಿ ತಿರುಗಿಸಿ. ಶಾಫ್ಟ್ ಮೇಲೆ ಅದು ಸಲೀಸಾಗಿ ತಿರುಗಬೇಕು. ತುಕ್ಕು ಹಿಡಿದು ಅಂಟಿದ್ದರೆ ಕಲ್ಲು ಸಿಕ್ಕಾಗ ಪಿನ್ ತುಂಡಾದರೂ ಆಗರ್ ನಿಲ್ಲುವುದಿಲ್ಲ, ಪೆಟ್ಟೆಲ್ಲ ಗೇರ್‌ಬಾಕ್ಸ್‌ಗೆ. ಪಿನ್ ಜಾಗದಲ್ಲಿ ಗಟ್ಟಿ ಬೋಲ್ಟ್ ಕಂಡರೂ ಇದೇ ಕಥೆ, ಗೇರ್‌ಬಾಕ್ಸ್‌ನಲ್ಲಿ ಆಯಿಲ್ ಸೋರಿಕೆ ಹುಡುಕಿ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಸೈಲೆನ್ಸರ್ ಆಗಲೇ ಬಿಸಿಯಿದ್ದರೆ ಅನುಮಾನಪಡಿ. ಚೋಕ್ ತೆಗೆದೊಡನೆ ಏದುಸಿರು ಬಿಟ್ಟರೆ ಕಾರ್ಬುರೇಟರ್ ಜೆಟ್ ಕಟ್ಟಿದೆ, ಎಥನಾಲ್ ಪೆಟ್ರೋಲನ್ನು ಬೇಸಿಗೆಯಿಡೀ ಬಿಟ್ಟ ಫಲ. ಇದು ಅಗ್ಗದ ದೋಷ, ಚೌಕಾಸಿಗೆ ಒಳ್ಳೆಯದು. ಹಳೆಯ ಸ್ನೋ ಬ್ಲೋವರ್‌ಗಳಲ್ಲಿ ಕಾಣುವ ಟೆಕಮ್ಸೆ ಎಂಜಿನ್ ತಯಾರಿಕೆ 2008ರಲ್ಲೇ ನಿಂತಿದೆ. ಕಾರ್ಬುರೇಟರ್ ಸಿಗುತ್ತದೆ, ಒಳಭಾಗಗಳಿಗೆ ಪರದಾಡಬೇಕು.

ತಂದ ಮೇಲೆ ಮೇಲಿನಿಂದ ಕೆಳಕ್ಕೆ ತೆಗೆಯುತ್ತ ಬಂದು, ರಿವರ್ಸ್‌ನಲ್ಲಿ ಏರಿ. ಆಗ ಜಾರಿದರೂ ಗಾಡಿ ನಿಮ್ಮಿಂದ ದೂರ ಹೋಗುತ್ತದೆ, ಮೈಮೇಲೆ ಬರುವುದಿಲ್ಲ. ಏರಿಗೆ ಅಡ್ಡಡ್ಡ ಮಾತ್ರ ಓಡಿಸಬೇಡಿ.