ಶೇ. 34ರ ಕಾಗದ ಹಿಡಿದು ಜೆರಾಕ್ಸ್ ಅಂಗಡಿಯ ಏಜೆಂಟನ ಹತ್ತಿರ ಹೋಗಬೇಡಿ

ಅಂಗವೈಕಲ್ಯ ತಪಾಸಣೆಯಲ್ಲಿ ಶೇ. 40ಕ್ಕಿಂತ ಕಡಿಮೆ ಬಂದು, ಮೇಲ್ಮನವಿ ಹಾಕಬೇಕೇ ಬೇಡವೇ ಎಂದು ಮನೆಯಲ್ಲಿ ಕೂತು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವೂ ಹೀಗೆಯೇ ಯೋಚಿಸುತ್ತ ಕೂತಿದ್ದೆವು. ಕೊನೆಗೆ ತೀರ್ಮಾನವನ್ನು ಬೇರೊಬ್ಬನ ಕೈಗೆ ಕೊಟ್ಟು ಹದಿನಾಲ್ಕು ತಿಂಗಳು ಕಳೆದುಕೊಂಡೆವು.

ನನ್ನ ತಮ್ಮ ಕೊನೆಗಾರ. ಅಡಿಕೆ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡು ಹೋಗಿ ಕೊನೆ ಇಳಿಸುವುದು ಅವನ ಕೆಲಸ. ಒಂದು ಕೊಯ್ಲಿನಲ್ಲಿ ಮರದಿಂದ ಬಿದ್ದ. ಎಡಗಾಲಿನ ಮೂಳೆ ಮುರಿಯಿತು, ಎಡ ಮಣಿಕಟ್ಟೂ ಮುರಿಯಿತು. ಕಾಲು ಕೂಡಿದ ಮೇಲೆ ಗಿಡ್ಡವಾಯಿತು, ಮಂಡಿ ಪೂರ್ತಿ ಮಡಚುವುದಿಲ್ಲ. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡು ಅಲ್ಲೇ ಬಿಗಿದುಹೋಯಿತು. ಕುಂಟುವ ಕಾಲು ಎಲ್ಲರಿಗೂ ಕಾಣುತ್ತದೆ. ಮಣಿಕಟ್ಟು ಕಾಣುವುದಿಲ್ಲ. ಆದರೆ ಮರವನ್ನು ಅಪ್ಪಿ ಹಿಡಿಯಬೇಕಾದದ್ದು ಆ ಕೈಯೇ.

ತಪಾಸಣೆಯ ದಿನ ಬೆಳಗ್ಗೆ ಅವನು ಮದುವೆಗೆ ಹೊಲಿಸಿದ್ದ ತುಂಬುತೋಳಿನ ಅಂಗಿ ಹಾಕಿಕೊಂಡ. ಬಲ ತೋಳಿನ ಗುಂಡಿಯನ್ನು ಎಡಗೈಯಿಂದ ಹಾಕಿಕೊಳ್ಳಲು ಅವನಿಗೆ ಆಗುವುದಿಲ್ಲ. ನಾನೇ ಹಾಕಿದೆ. ಎಡ ತೋಳಿನ ಗುಂಡಿಯನ್ನೂ ನಾನೇ ಹಾಕಿದೆ. ಡಾಕ್ಟರ ಮುಂದೆ ನೀಟಾಗಿರಲಿ ಎಂದುಕೊಂಡೆ. ಯಾವ ಮಣಿಕಟ್ಟನ್ನು ತೋರಿಸಬೇಕಿತ್ತೋ ಅದನ್ನು ನನ್ನ ಕೈಯಾರೆ ಮುಚ್ಚಿ ಕಳಿಸಿದೆ.

ಹೊರಗೆ ನೂರು ಜನರ ಸಾಲಿತ್ತು. ಒಳಗೆ ಡಾಕ್ಟರು ಕಾಲು ಅಳೆದರು, ಮಂಡಿ ಮಡಚಿಸಿ ನೋಡಿದರು. "ಬೇರೆ ಏನಾದರೂ ತೊಂದರೆ ಇದೆಯೇ?" ಎಂದು ಕೇಳಿದರು. ತಮ್ಮ "ಇಲ್ಲ ಸಾರ್, ಉಳಿದದ್ದೆಲ್ಲ ಆರಾಮಿದೆ" ಎಂದ. ದುಡಿದು ತಿಂದ ಗಂಡಸು, ಅಪರಿಚಿತರ ಮುಂದೆ ಕೈಲಾಗುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಡಾಕ್ಟರು ಮುಂದೆ ಕೇಳಲಿಲ್ಲ, ತೋಳು ಮಡಚಿಸಿ ನೋಡಲಿಲ್ಲ. ಶೇ. 34 ಎಂದು ಬರೆದರು.

34ಕ್ಕೂ ಪ್ರಮಾಣಪತ್ರ ಬರುತ್ತದೆ, ಬಿಳಿ ಪಟ್ಟಿಯ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಕಾರ್ಡ್, ಕೂಡ ಬರುತ್ತದೆ. ಆದರೆ ಮಾಸಾಶನಕ್ಕೆ, ರಿಯಾಯಿತಿ ಬಸ್ ಪಾಸಿಗೆ ಕನಿಷ್ಠ ಶೇ. 40 ಬೇಕು. ನಲವತ್ತು ದಾಟಿದರೆ ನಮ್ಮ ರಾಜ್ಯದಲ್ಲಿ ತಿಂಗಳಿಗೆ 800 ರೂಪಾಯಿ. ದೊಡ್ಡ ಮೊತ್ತವಲ್ಲ ಎನ್ನುವವರು ಇದ್ದಾರೆ. ನಮ್ಮ ಮನೆಯಲ್ಲಿ ಅದು ಅವ್ವನ ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ಗ್ಯಾಸ್ ಸಿಲಿಂಡರಿನ ಒಂದು ಪಾಲು.

ಆಸ್ಪತ್ರೆಯ ಗೇಟಿನೆದುರು ಜೆರಾಕ್ಸ್ ಅಂಗಡಿಯಲ್ಲಿ ಒಬ್ಬ ಕೂತಿರುತ್ತಿದ್ದ. ಕಾಗದ ನೋಡಿದವನೇ, "ಮೇಲ್ಮನವಿ ಹಾಕಿದರೆ ಡಾಕ್ಟರಿಗೆ ಸಿಟ್ಟು ಬರುತ್ತದೆ ಅಕ್ಕ, ಇರುವ ಮೂವತ್ತನಾಲ್ಕೂ ಹೋಗಿ ಇಪ್ಪತ್ತಕ್ಕೆ ಇಳಿಸುತ್ತಾರೆ. ಬೇರೆ ಜಿಲ್ಲೆಯಿಂದ ಅರವತ್ತರದ್ದು ಮಾಡಿಸಿಕೊಡುತ್ತೇನೆ" ಎಂದ. ಏಳು ಸಾವಿರ ಕೇಳಿದ. ಸಂಘದ ಸಾಲ ತೆಗೆದು ಕೊಟ್ಟೆವು. ಎರಡು ತಿಂಗಳ ಮೇಲೆ ದುಂಡು ಮೊಹರಿನ, ಫೋಟೋ ಅಂಟಿಸಿದ ಪ್ರಮಾಣಪತ್ರ ಕೈಗೆ ಬಂತು.

ಅದನ್ನು ಹಿಡಿದು ಮಾಸಾಶನಕ್ಕೆ ಅರ್ಜಿ ಹಾಕಲು ಹೋದಾಗ ಕಚೇರಿಯಲ್ಲಿದ್ದ ಹೆಣ್ಣುಮಗಳು ನಂಬರನ್ನು ಕಂಪ್ಯೂಟರಿನಲ್ಲಿ ಹಾಕಿ ನೋಡಿದಳು. ಅದು ಬೇರೆ ಯಾರದೋ ಹೆಸರಿನಲ್ಲಿತ್ತು. ಆಕೆ ದನಿ ಏರಿಸಲಿಲ್ಲ. "ಇದನ್ನು ನಾನು ಮೇಲಕ್ಕೆ ಬರೆದರೆ ನಿಮ್ಮ ತಮ್ಮನ ಮೇಲೆ ಕೇಸಾಗುತ್ತದೆ" ಎಂದಳು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 91ನೇ ಕಲಮಿನಲ್ಲಿ, ಮೋಸದಿಂದ ಸೌಲಭ್ಯ ಪಡೆದವರಿಗೆ ಮತ್ತು ಪಡೆಯಲು ಯತ್ನಿಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ ಎಂದು ಆಮೇಲೆ ತಿಳಿಯಿತು. ನಿಜವಾಗಿ ಕಾಲು ಮುರಿದವನು ಸುಳ್ಳುಗಾರನ ಹಾಗೆ ತಲೆ ತಗ್ಗಿಸಿ ನಿಂತಿದ್ದ. ಅದನ್ನು ನೆನೆದರೆ ಇವತ್ತಿಗೂ ನನಗೆ ಅನ್ನ ಇಳಿಯುವುದಿಲ್ಲ.

ದಾರಿ ತೋರಿಸಿದವರು ನಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ, ಊರಿನವರು ವಿಆರ್‌ಡಬ್ಲ್ಯು ಎನ್ನುತ್ತಾರಲ್ಲ, ಅವರು. ಅವರೂ ಒಂದು ಕಾಲಿಗೆ ಕ್ಯಾಲಿಪರ್ ಹಾಕಿಕೊಂಡೇ ಮನೆಮನೆ ತಿರುಗುವವರು. ನಮ್ಮ ಅಂಗಳದಲ್ಲಿ ಕೂತು ಮೊದಲು ಕೇಳಿದ್ದು ಒಂದೇ ಮಾತು: "ಡಾಕ್ಟರು ಏನೇನು ಅಳೆದರು?" ಪ್ರಮಾಣಪತ್ರದಲ್ಲಿ ಎಡಗಾಲು ಎಂದಷ್ಟೇ ಇತ್ತು. ಕೈಯ ಸುದ್ದಿಯೇ ಇರಲಿಲ್ಲ.

ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಕಾಲಿಗೆ 34, ಕೈಗೆ 12 ಬಂತು ಎಂದಿಟ್ಟುಕೊಳ್ಳಿ. ಕೂಡಿಸಿದರೆ 46 ಎಂದು ನಾವು ಹಿಗ್ಗಿದೆವು. ಹಾಗೆ ಕೂಡಿಸುವುದಿಲ್ಲವಂತೆ. ದೊಡ್ಡ ಅಂಕೆಯನ್ನು 90ರಿಂದ ಕಳೆಯಬೇಕು, 56 ಉಳಿಯುತ್ತದೆ. ಅದನ್ನು 12ರಿಂದ ಗುಣಿಸಿ 90ರಿಂದ ಭಾಗಿಸಿದರೆ ಸುಮಾರು ಏಳೂವರೆ. 34ಕ್ಕೆ ಅದನ್ನು ಸೇರಿಸಿದರೆ 41 ದಾಟುತ್ತದೆ. ಮಣಿಕಟ್ಟು ಅಳೆದಿದ್ದರೆ ಮೊದಲ ದಿನವೇ ಗೆರೆ ದಾಟುವ ಸಾಧ್ಯತೆ ಇತ್ತು.

ಹಾಗಾಗಿ ಮೇಲ್ಮನವಿಯ ವಿಚಾರದಲ್ಲಿ ಡಾಕ್ಟರಿಗೆ ಸಿಟ್ಟು ಬರುತ್ತದೆಯೋ ಇಲ್ಲವೋ ಎಂಬುದು ಲೆಕ್ಕಕ್ಕೇ ಬರಬಾರದು. ಅಳೆಯದೆ ಬಿಟ್ಟದ್ದು ಏನಾದರೂ ಇದೆಯೇ, ಕೊಟ್ಟ ಎಕ್ಸ್‌ರೇ, ಡಿಸ್ಚಾರ್ಜ್ ಕಾಗದ ನೋಡಿದ್ದಾರೆಯೇ, ಇಷ್ಟೇ ನೋಡಿ. ಇದ್ದರೆ ಹಾಕಿ. ಅಧಿನಿಯಮದ 59ನೇ ಕಲಮು ಕೊಟ್ಟಿರುವ ಹಕ್ಕು ಅದು, ಯಾರ ಉಪಕಾರವೂ ಅಲ್ಲ. ಎಲ್ಲವನ್ನೂ ಸರಿಯಾಗಿ ಅಳೆದೇ 34 ಬಂದಿದ್ದರೆ ಮೇಲ್ಮನವಿಯಿಂದ ಹೆಚ್ಚೇನೂ ಆಗಲಾರದು. ಹೊಸದಾಗಿ ಅಳೆದಾಗ ಅಂಕೆ ಇಳಿಯಲೂಬಹುದು, ಅದನ್ನು ನಾನು ಮುಚ್ಚಿಡುವುದಿಲ್ಲ. ತಪಾಸಣೆ ಆದ ಮೇಲೆ ತೊಂದರೆ ಹೆಚ್ಚಾಗಿದ್ದರೆ ಅದಕ್ಕೆ ಮೇಲ್ಮನವಿ ಅಲ್ಲ, ಮರುತಪಾಸಣೆ ಕೇಳಬೇಕು.

ಮೇಲ್ಮನವಿಗೆ ಗಡುವು ಇರುತ್ತದೆ. ಕಾಗದ ಕೈಗೆ ಬಂದ ವಾರವೇ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಗೆ ಹೋಗಿ, ಯಾರಿಗೆ ಹಾಕಬೇಕು, ಯಾವ ತಾರೀಖಿನೊಳಗೆ ಎಂದು ಬರೆಸಿಕೊಂಡು ಬನ್ನಿ. ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡಿ. ಪ್ರಮಾಣಪತ್ರಕ್ಕೆ ಅರ್ಹರಲ್ಲ ಎಂದು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, 2017ರ ನಿಯಮಗಳಲ್ಲಿ ಅದು ಇದೆ. ಅಳತೆಯ ವಿವರ ಕೊಡಲು ಸತಾಯಿಸಿದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಏಜೆಂಟನಿಗೆ ಕೊಡುವ ಏಳು ಸಾವಿರದ ಮುಂದೆ ಹತ್ತು ರೂಪಾಯಿ ಯಾವ ಲೆಕ್ಕ?

ನಮ್ಮ ಗಡುವು ಆಗಲೇ ಮೀರಿತ್ತು. ಮರುತಪಾಸಣೆಗೆ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾದೆವು. ಕರೆ ಬಂದ ದಿನ ತಮ್ಮ ಮತ್ತೆ ಅದೇ ತುಂಬುತೋಳಿನ ಅಂಗಿ ತೆಗೆದ. ನಾನು ಬೇಡ ಎಂದು ಅರ್ಧ ತೋಳಿನದ್ದು ಕೊಟ್ಟೆ. ಮಣಿಕಟ್ಟಿನ ಎಕ್ಸ್‌ರೇ ಕೈಯಲ್ಲಿ ಹಿಡಿದು ನಾನೂ ಒಳಗೆ ಹೋದೆ. ಗುಂಡಿ ಹಾಕಿಕೊಳ್ಳಲಾಗುವುದಿಲ್ಲ, ಕತ್ತಿ ಹಿಡಿಯಲಾಗುವುದಿಲ್ಲ, ಕೊಡ ಎತ್ತಲಾಗುವುದಿಲ್ಲ ಎಂದು ಅವನ ಬದಲು ನಾನೇ ಹೇಳಿದೆ. ಅವನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಡಾಕ್ಟರು ಈ ಸಲ ಕೈ ಹಿಡಿದು ತಿರುಗಿಸಿ, ಮಡಚಿ, ಅಳೆದು ಬರೆದರು. ಶೇ. 41 ಬಂತು.

ಹಿಂದಿನ ತಿಂಗಳುಗಳ ಹಣ ನಮಗೆ ಬರಲಿಲ್ಲ. ಹದಿನಾಲ್ಕು ತಿಂಗಳಿಗೆ 11,200 ರೂಪಾಯಿ, ಏಜೆಂಟನಿಗೆ ಕೊಟ್ಟದ್ದು 7,000. ಸಂಘದ ಸಾಲದ ಕಂತು ಇನ್ನೂ ನಾಲ್ಕು ಬಾಕಿ ಇದೆ. ಮೊನ್ನೆ ಆಸ್ಪತ್ರೆಯ ಕಡೆ ಹೋಗಿದ್ದೆ. ಅವನು ಅದೇ ಜೆರಾಕ್ಸ್ ಅಂಗಡಿಯಲ್ಲಿ, ಊರುಗೋಲು ಹಿಡಿದ ಒಬ್ಬ ಅಜ್ಜನ ಕಾಗದವನ್ನು ಬೆಳಕಿಗೆ ಹಿಡಿದು ಓದುತ್ತಿದ್ದ. ನಾನು ಅಜ್ಜನನ್ನು ಪಕ್ಕಕ್ಕೆ ಕರೆದು, "ಅಜ್ಜಾ, ಡಾಕ್ಟರು ಏನೇನು ಅಳೆದರು?" ಎಂದು ಕೇಳಿದೆ.