ಮನೆಯ ಮಿಲ್ಲಿಂಗ್ ಯಂತ್ರದಲ್ಲಿ ಗೇರ್ ಕತ್ತರಿಸುವ ಮೂರು ದಾರಿಗಳು

ಜಾಲಹಳ್ಳಿಯ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿರುವ ಹಳೆಯ ಲೇತಿನ ಲೀಡ್ ಸ್ಕ್ರೂ (ಥ್ರೆಡ್ ತೆಗೆಯುವಾಗ ಉಪಕರಣವನ್ನು ಮುಂದೆ ಸಾಗಿಸುವ ಉದ್ದನೆಯ ತಿರುಪು) ಇಂಚಿನ ಲೆಕ್ಕದ್ದು. ಇಂಚಿಗೆ 8 ಸುತ್ತು, ಅಂದರೆ 3.175 ಮಿ.ಮೀ. ಪಿಚ್. ಅದರಲ್ಲಿ 1 ಮಿ.ಮೀ. ಪಿಚ್‌ನ ಮೆಟ್ರಿಕ್ ಥ್ರೆಡ್ ತೆಗೆಯಲು ಲೇತಿನ ಗೇರುಗಳಲ್ಲಿ ಬೇಕಾದ ಹಲ್ಲುಗಳ ಅನುಪಾತ ಕರಾರುವಾಕ್ಕಾಗಿ 40/127. ಹಲವರು 20/63 ಎಂಬ ಹತ್ತಿರದ ಜೋಡಿಯಿಂದ ಕೆಲಸ ಸಾಗಿಸುತ್ತಾರೆ. ಆದರೆ ಅದರಲ್ಲಿ 100 ಮಿ.ಮೀ. ಉದ್ದಕ್ಕೆ ಸುಮಾರು 0.8 ಮಿ.ಮೀ. ತಪ್ಪು ಸೇರುವುದರಿಂದ, ಉದ್ದನೆಯ ಥ್ರೆಡ್ ಬೇಕಿದ್ದ ನನಗೆ ಅದು ಒಪ್ಪಿಗೆಯಾಗಲಿಲ್ಲ. ಹೀಗಾಗಿ ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 1ರಲ್ಲಿ, 20 ಡಿಗ್ರಿ ಒತ್ತಡ ಕೋನದಲ್ಲಿ (ಹಲ್ಲಿನ ಬದಿಯ ಓರೆ), 40 ಹಲ್ಲಿನ ಗೇರನ್ನು ಇಎನ್8 ಉಕ್ಕಿನಲ್ಲಿಯೂ 127 ಹಲ್ಲಿನದನ್ನು ಅಲ್ಯೂಮಿನಿಯಂನಲ್ಲಿಯೂ ಮಾಡಬೇಕಾಯಿತು. ಪೀಣ್ಯದಲ್ಲಿ ಗೇರ್ ಹಾಬಿಂಗ್ ಮಾಡಿಕೊಡುವ ವರ್ಕ್‌ಶಾಪ್‌ಗಳು ಬೇಕಾದಷ್ಟಿವೆ. ಆದರೆ ಒಂದೇ ಒಂದು ಗೇರಿನ ಕೆಲಸ ಅಲ್ಲಿ ದೊಡ್ಡ ಆರ್ಡರುಗಳ ಹಿಂದೆ ಕಾಯುತ್ತ ಕೂರಬೇಕಾಗುತ್ತದೆ. ಜೊತೆಗೆ, ಸಿಎನ್‌ಸಿಗೆ ಪರಿವರ್ತಿಸಿದ ನನ್ನ ಬೆಂಚ್ ಮಿಲ್ಲಿಗೆ ನಾಲ್ಕನೆಯ ಅಕ್ಷವನ್ನು (ಕೆಲಸದ ತುಂಡನ್ನು ತಿರುಗಿಸುವ ಎ ಅಕ್ಷ) ಜೋಡಿಸಿದ್ದೇ ಇಂಥ ಕೆಲಸಕ್ಕಾಗಿ. ಇದೇ ಎರಡು ಗೇರುಗಳನ್ನು ಮೂರು ವಿಧಾನಗಳಲ್ಲಿ ಮಾಡಿ ನೋಡಿದೆ.

ವಿಧಾನಗಳಿಗೆ ಮೊದಲು ಅಕ್ಷದ ಮಾತು ಹೇಳಲೇಬೇಕು, ಏಕೆಂದರೆ ನನ್ನ ಮೊದಲ ಎರಡು ಗೇರುಗಳು ಕೆಟ್ಟದ್ದು ಕಟರಿನಿಂದಲ್ಲ, ಅಕ್ಷದಿಂದ. ಆರಂಭದಲ್ಲಿ ನನ್ನ ಬಳಿ ಇದ್ದದ್ದು 6:1 ಬೆಲ್ಟಿನ ರೋಟರಿ ಅಕ್ಷ. 200 ಹೆಜ್ಜೆಯ ಸ್ಟೆಪ್ಪರ್ ಮೋಟರಿಗೆ 8 ಮೈಕ್ರೋಸ್ಟೆಪ್ ಕೊಟ್ಟರೆ (ಹೆಜ್ಜೆಯೊಂದನ್ನು ಎಂಟಾಗಿ ಒಡೆದರೆ) ಅಕ್ಷದ ಒಂದು ಸುತ್ತಿಗೆ 9600 ಹೆಜ್ಜೆ, ಅಂದರೆ ಹೆಜ್ಜೆಗೆ 0.0375 ಡಿಗ್ರಿ. ಚಿಕ್ಕ ಗೇರಿಗೆ ಇದು ಸಾಕೆನಿಸಬಹುದು. 127 ಹಲ್ಲಿನ ಗೇರಿನ 63.5 ಮಿ.ಮೀ. ಪಿಚ್ ತ್ರಿಜ್ಯದಲ್ಲಿ ಮಾತ್ರ ಅದು 0.04 ಮಿ.ಮೀ. ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಟರಿನ ಹೊಡೆತಕ್ಕೆ ಬೆಲ್ಟು ಸ್ಪ್ರಿಂಗಿನಂತೆ ಬಾಗಿ, ಹಲ್ಲಿನ ಮೈಯಲ್ಲಿ ಅಲೆಗಳನ್ನು ಬಿಡುತ್ತಿತ್ತು. ಆಮೇಲೆ 90:1 ವರ್ಮ್ (ತಿರುಪಿನಂಥ ಗೇರ್) ಇರುವ ರೋಟರಿ ಟೇಬಲ್ಲಿಗೆ ಅದೇ ಮೋಟರನ್ನು ಜೋಡಿಸಿದೆ. ಹೆಜ್ಜೆ 0.0025 ಡಿಗ್ರಿಗೆ ಇಳಿಯಿತು, ಬಿಗಿಯೂ ಬಂತು. ವರ್ಮಿನ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲು) ಇದ್ದೇ ಇರುತ್ತದೆ. ಪ್ರತಿ ಸ್ಥಾನವನ್ನೂ ಒಂದೇ ದಿಕ್ಕಿನಿಂದ ತಲುಪುವಂತೆ ಪ್ರೋಗ್ರಾಂ ಬರೆದರೆ ಅದು ಬಾಧಿಸುವುದಿಲ್ಲ. ಇನ್ನೊಂದು ಎಚ್ಚರಿಕೆ: 360ನ್ನು 127ರಿಂದ ಭಾಗಿಸಿ, ಮೂರು ದಶಾಂಶಕ್ಕೆ 2.835 ಎಂದು ದುಂಡಗೆ ಮಾಡಿ, ಪ್ರತಿ ಹಲ್ಲಿಗೂ ಅಷ್ಟಷ್ಟೇ ಕೂಡಿಸುತ್ತ ಹೋದರೆ ಒಟ್ಟು 360.045 ಆಗುತ್ತದೆ, ಮತ್ತು ಕೊನೆಯ ಹಲ್ಲು 0.05 ಮಿ.ಮೀ. ತೆಳ್ಳಗಾಗುತ್ತದೆ. ಹಾಗಾಗಿ ಪ್ರತಿ ಹಲ್ಲಿನ ಕೋನವನ್ನೂ ಸೊನ್ನೆಯಿಂದಲೇ ಲೆಕ್ಕ ಹಾಕಬೇಕು.

ಮೊದಲ ವಿಧಾನ ಎಲ್ಲರಿಗೂ ಪರಿಚಿತವಾದ ಇನ್ವಲ್ಯೂಟ್ (ಗೇರಿನ ಹಲ್ಲಿನ ಬದಿಯ ವಕ್ರರೇಖೆ) ಫಾರ್ಮ್ ಕಟರ್. ಹಲ್ಲುಗಳ ನಡುವಿನ ಕಂದಕದ ಆಕಾರವೇ ಕಟರಿನಲ್ಲಿ ಇರುತ್ತದೆ. ಒಂದು ಕಂದಕ ಕೊರೆದು, ಅಕ್ಷವನ್ನು ತಿರುಗಿಸಿ, ಮುಂದಿನದನ್ನು ಕೊರೆಯುವುದಷ್ಟೇ ಕೆಲಸ. ಸುಲಭ, ನಂಬಿಕಸ್ಥ. ಆದರೆ ಕಂದಕದ ಆಕಾರ ಹಲ್ಲುಗಳ ಸಂಖ್ಯೆಯೊಂದಿಗೆ ಬದಲಾಗುವುದರಿಂದ ಪ್ರತಿ ಮಾಡ್ಯೂಲಿಗೂ ಎಂಟು ಕಟರುಗಳ ಸೆಟ್ ಇರುತ್ತದೆ. 40 ಹಲ್ಲಿಗೆ 35ರಿಂದ 54ರವರೆಗಿನ 6ನೇ ನಂಬರ್, 127ಕ್ಕೆ 55ರಿಂದ 134ರವರೆಗಿನ 7ನೇ ನಂಬರ್ ಬೇಕು. ಎಸ್.ಜೆ.ಪಿ. ರಸ್ತೆಯಲ್ಲಿ ಎರಡನ್ನೂ ಬಿಡಿಯಾಗಿ ಕೊಂಡೆ. ಪ್ರತಿ ನಂಬರಿನ ಆಕಾರವನ್ನು ಅದರ ವ್ಯಾಪ್ತಿಯ ಕನಿಷ್ಠ ಸಂಖ್ಯೆಗೆ ಹೊಂದಿಸಿರುತ್ತಾರೆ ಎಂಬುದನ್ನು ಕೊಳ್ಳುವವರು ನೆನಪಿಡಬೇಕು. 7ನೇ ನಂಬರ್ ನಿಜವಾಗಿ 55 ಹಲ್ಲಿನ ಆಕಾರದ್ದು. 127ರಲ್ಲಿ ಅದು ಹಲ್ಲಿನ ತುದಿಯ ಬಳಿ ತುಸು ಹೆಚ್ಚು ಲೋಹ ತೆಗೆಯುತ್ತದೆ. ಗೇರ್ ಸಿಕ್ಕಿಕೊಳ್ಳುವುದಿಲ್ಲ, ಆದರೆ ಓಡುವಾಗ ಸದ್ದು ಕೇಳಿಸುತ್ತದೆ. ಕಟರಿನ ವ್ಯಾಸ 50 ಮಿ.ಮೀ. ಇರುವುದರಿಂದ ಇಎನ್8ಗೆ ನಿಮಿಷಕ್ಕೆ 150 ಸುತ್ತಿನ ಆಸುಪಾಸಿನಲ್ಲಿ ಓಡಿಸಬೇಕು. ಅಷ್ಟು ನಿಧಾನದಲ್ಲಿ ಬಲ ಕೊಡದ ರೌಟರ್ ಮಾದರಿಯ ಸ್ಪಿಂಡಲ್ ಇರುವವರಿಗೆ ಉಕ್ಕಿನಲ್ಲಿ ಈ ದಾರಿ ತೆರೆದಿಲ್ಲ.

ಎರಡನೆಯದು ಹಾಬಿಂಗ್. ತಿರುಪಿನ ಸುರುಳಿಯಂತೆ ಹಲ್ಲುಗಳಿರುವ ಹಾಬ್ ಎಂಬ ಒಂದೇ ಕಟರ್ ಆ ಮಾಡ್ಯೂಲಿನ ಎಲ್ಲ ಸಂಖ್ಯೆಯ ಹಲ್ಲುಗಳನ್ನೂ ನಿಜವಾದ ಇನ್ವಲ್ಯೂಟ್ ಆಕಾರದಲ್ಲಿ ಕತ್ತರಿಸುತ್ತದೆ. ಹಾಬ್ ಒಂದು ಸುತ್ತು ತಿರುಗಿದಾಗ ಗೇರ್ ಒಂದು ಹಲ್ಲಿನಷ್ಟು ತಿರುಗಬೇಕು. ಅದಕ್ಕಾಗಿ ಸ್ಪಿಂಡಲ್ಲಿಗೆ ಅದರ ತಿರುಗುವಿಕೆಯನ್ನು ಅಳೆಯುವ ಎನ್‌ಕೋಡರ್ ಹಾಕಿ, ಯಂತ್ರವನ್ನು ನಡೆಸುವ ಲಿನಕ್ಸ್‌ಸಿಎನ್‌ಸಿ ತಂತ್ರಾಂಶದಲ್ಲಿ ಎ ಅಕ್ಷವನ್ನು ಅದರ ಬೆನ್ನು ಹತ್ತಿಸಬೇಕು. ನನ್ನ ಹಾಬಿನ ಲೀಡ್ ಕೋನ (ಸುರುಳಿಯ ಓರೆ) 1.2 ಡಿಗ್ರಿ, ಅಷ್ಟು ಓರೆ ಕೊಡಲು 150 ಮಿ.ಮೀ. ಅಂತರದಲ್ಲಿದ್ದ ಟೇಲ್‌ಸ್ಟಾಕಿನ (ಕೆಲಸದ ತುಂಡಿನ ಇನ್ನೊಂದು ತುದಿಯ ಆಧಾರ) ಕೆಳಗೆ 3.1 ಮಿ.ಮೀ. ಪಟ್ಟಿ ಇಟ್ಟೆ. ಓರೆಯಾದ ಮೇಲೆ ಎಕ್ಸ್ ಅಕ್ಷ ಒಂದೇ ಚಲಿಸಿದರೆ ಸಾಲದು: ಪ್ರತಿ 10 ಮಿ.ಮೀ.ಗೆ ಮೇಲೆ ಕೆಳಗೆ ಚಲಿಸುವ ಝಡ್ ಅಕ್ಷ ಕೂಡ 0.21 ಮಿ.ಮೀ. ಸರಿಯಬೇಕು. ಇದನ್ನು ಮರೆತ ಮೊದಲ ಗೇರಿನಲ್ಲಿ ಹಲ್ಲುಗಳು ಅಷ್ಟೇ ಓರೆಯಾಗಿ ಬಂದವು. ಎಲ್ಲವೂ ಕೂಡಿಬಂದ ದಿನ ಮಾತ್ರ ಹಾಬಿಂಗಿಗೆ ಸಾಟಿಯಿಲ್ಲ. ಫಾರ್ಮ್ ಕಟರಿಗೆ ಎರಡು ಗಂಟೆಗೂ ಮೀರಿ ಹಿಡಿದ 127 ಹಲ್ಲುಗಳು ಇಪ್ಪತ್ತು ನಿಮಿಷದೊಳಗೆ ಮುಗಿದವು, ಮೈ ಕನ್ನಡಿಯಂತೆ ಬಂತು. ಎರಡನೆಯ ಗೇರಿನ ನಡುವೆ ಕರೆಂಟ್ ಹೋಯಿತು; ಹಾಬ್ ಮತ್ತು ಗೇರಿನ ತಾಳ ಮತ್ತೆ ಕೂಡಲೇ ಇಲ್ಲ, ಆ ಬಿಲ್ಲೆ ಗುಜರಿಗೆ ಹೋಯಿತು. ಉಳಿದೆರಡು ವಿಧಾನಗಳಲ್ಲಾದರೆ ಕೊನೆಯ ಕಂದಕದಲ್ಲಿ ಕಟರನ್ನು ಕೂರಿಸಿ ಅಲ್ಲಿಂದ ಮುಂದುವರಿಸಬಹುದು.

ಮೂರನೆಯ ವಿಧಾನದ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ನನ್ನ ಮನಸ್ಸು ಗೆದ್ದದ್ದು ಅದೇ. ರ‍್ಯಾಕಿನ (ಉದ್ದನೆಯ ಪಟ್ಟಿಯ ಮೇಲೆ ಸಾಲಾಗಿ ಹಲ್ಲುಗಳಿರುವ ನೇರ ಗೇರಿನ) ಹಲ್ಲಿನ ಬದಿಗಳು ನೇರವಾಗಿರುತ್ತವೆ, ಮತ್ತು ರ‍್ಯಾಕಿನ ಮೇಲೆ ಉರುಳುವ ಗೇರಿನ ಹಲ್ಲು ತಾನಾಗಿಯೇ ಇನ್ವಲ್ಯೂಟ್ ಆಗುತ್ತದೆ. ಆದ್ದರಿಂದ ಎರಡು ಬದಿಗೂ 20 ಡಿಗ್ರಿ ಇಳಿಜಾರು, ತುದಿಯಲ್ಲಿ 0.66 ಮಿ.ಮೀ. ಅಗಲ ಬರುವಂತೆ ಒಂದು ಎಚ್‌ಎಸ್‌ಎಸ್ (ಕಟರುಗಳ ಗಟ್ಟಿ ಉಕ್ಕಿನ) ತುಂಡನ್ನು ಮನೆಯಲ್ಲೇ ಸಾಣೆ ಹಿಡಿದು, ಒಂದೇ ಅಲಗಿನ ಫ್ಲೈ ಕಟರಿನಲ್ಲಿ ಸಿಕ್ಕಿಸಿದೆ. ಒಂದೇ ಕಂದಕದಲ್ಲಿ ಕಟರನ್ನು ಝಡ್‌ನಲ್ಲಿ ಕೆಳಗಿನ 3 ಮಿ.ಮೀ.ಯಿಂದ ಮೇಲಿನ 3 ಮಿ.ಮೀ.ವರೆಗೆ 1 ಮಿ.ಮೀ.ಯಂತೆ ಸರಿಸುತ್ತ, ಪ್ರತಿ ಸರಿತಕ್ಕೂ 40 ಹಲ್ಲಿನ ಗೇರನ್ನು 2.865 ಡಿಗ್ರಿ ಉರುಳಿಸುತ್ತ, ಏಳು ಬಾರಿ ಕೊರೆಯಬೇಕು. ಹಲ್ಲಿನ ಮೈ ಏಳು ಪುಟ್ಟ ಸಮತಲಗಳಿಂದ ಕೂಡಿರುತ್ತದೆ ಎಂದು ಕೇಳಿದವರು ಮುಖ ಸಿಂಡರಿಸುತ್ತಾರೆ. ಆದರೆ ಲೆಕ್ಕ ಹಾಕಿದರೆ ಆ ಸಮತಲಗಳು ನಿಜವಾದ ವಕ್ರರೇಖೆಯಿಂದ ದೂರ ಸರಿಯುವುದು ಎರಡು ಮೂರು ಮೈಕ್ರಾನ್ ಮಾತ್ರ. ಗೇರನ್ನು ಹಿಡಿದಿರುವ ನನ್ನ ಮ್ಯಾಂಡ್ರಲಿನ ಓಲಾಟವೇ ಅದಕ್ಕಿಂತ ಹೆಚ್ಚು. 127ರಲ್ಲಿ ಹಲ್ಲಿನ ಬದಿ ಬಹುತೇಕ ನೇರವೇ ಆಗಿರುವುದರಿಂದ 2 ಮಿ.ಮೀ. ಅಂತರದ ನಾಲ್ಕು ಸರಿತಗಳೇ ಸಾಕಾದವು. ಉರುಳುವ ದಿಕ್ಕು ತಪ್ಪಬಾರದು: ಕಟರ್ ಮೇಲೆ ಹೋದಾಗ ಅದರೆದುರಿನ ಹಲ್ಲೂ ಮೇಲೆ ಬರಬೇಕು. ಡೆಲ್ರಿನ್ ಪ್ಲಾಸ್ಟಿಕ್ ಬಿಲ್ಲೆಯ ಮೇಲಿನ ನನ್ನ ಮೊದಲ ಪ್ರಯತ್ನದಲ್ಲಿ ಚಿಹ್ನೆ ತಿರುಗುಮುರುಗಾಗಿ ಹಲ್ಲುಗಳು ಬಾಚಣಿಗೆಯ ಕಡ್ಡಿಗಳಂತಾದವು. ಸಮಯದ ವಿಷಯದಲ್ಲಿ ಈ ವಿಧಾನ ಎಲ್ಲಕ್ಕಿಂತ ಹಿಂದೆ. 40 ಹಲ್ಲಿಗೆ 280 ಬಾರಿ ಕೊರೆಯುತ್ತ ಯಂತ್ರ ಮೂರು ಗಂಟೆ ಓಡಿತು.

ಮೂರೂ ಜೋಡಿಗಳನ್ನು, ಹಲವು ಹಲ್ಲುಗಳನ್ನು ಒಟ್ಟಿಗೆ ಹಿಡಿದು ಅಳೆಯುವ ಡಿಸ್ಕ್ ಮೈಕ್ರೋಮೀಟರಿನಲ್ಲಿ ಅಳೆದೆ. ಸಡಿಲು ಬಿಡದ ಲೆಕ್ಕದಲ್ಲಿ 40 ಹಲ್ಲಿನ ಗೇರಿನ ಐದು ಹಲ್ಲುಗಳ ಮೇಲಿನ ಅಳತೆ 13.845 ಮಿ.ಮೀ., 127ರ ಹದಿನೈದು ಹಲ್ಲುಗಳ ಮೇಲಿನದು 44.585 ಮಿ.ಮೀ. ಗೇರಿನ ಸುತ್ತಲೂ ಅಳೆದಾಗ ಹಾಬಿನ ಗೇರುಗಳಲ್ಲಿ ಏರಿಳಿತ ಎಲ್ಲಕ್ಕಿಂತ ಕಡಿಮೆ ಇತ್ತು, ಫ್ಲೈ ಕಟರಿನವು ಅದರ ಹಿಂದೆಯೇ ಇದ್ದವು. ಲೇತಿನಲ್ಲಿ ಇಟ್ಟು ಓಡಿಸಿದಾಗ ಈ ಎರಡು ಜೋಡಿಗಳ ಸದ್ದಿನಲ್ಲಿ ನನಗೆ ವ್ಯತ್ಯಾಸ ಕೇಳಿಸಲಿಲ್ಲ. ಫಾರ್ಮ್ ಕಟರಿನ ಜೋಡಿ ಮಾತ್ರ ಗೊರಗೊರ ಎನ್ನುತ್ತಿತ್ತು.

ಒಂದೇ ಗೇರ್ ಒಡೆದಿದ್ದು, ಅದೊಂದನ್ನು ಮಾಡಿ ಮುಗಿಸಬೇಕಾದವರು ಒಂದು ಫಾರ್ಮ್ ಕಟರ್ ಕೊಳ್ಳಲಿ. ಒಂದೇ ಮಾಡ್ಯೂಲಿನ ಇಡೀ ಸೆಟ್ ಬೇಕಿದ್ದು, ಎನ್‌ಕೋಡರ್ ಜೋಡಿಸುವ ತಾಳ್ಮೆ ಇರುವವರಿಗೆ ಹಾಬ್ ತಕ್ಕದ್ದು. ನನ್ನ ಕೆಲಸ ಇಂದು ಮಾಡ್ಯೂಲ್ 1, ನಾಳೆ 1.25, ಆಮೇಲೆ ಯಾವುದೋ ಹಳೆಯ ಯಂತ್ರದ 14.5 ಡಿಗ್ರಿಯ ಗೇರ್ ಎಂಬ ಬಗೆಯದಾದ್ದರಿಂದ, ಪ್ರತಿ ಬಾರಿಯೂ ಅರ್ಧ ಗಂಟೆಯಲ್ಲಿ ಸಾಣೆ ಹಿಡಿದು ತಯಾರಿಸಬಹುದಾದ ಆ ನೇರ ಬದಿಯ ತುಂಡೇ ಈಗ ನನ್ನ ಸ್ಪಿಂಡಲ್ಲಿನಲ್ಲಿದೆ. 20 ಡಿಗ್ರಿಯಲ್ಲಿ 17 ಹಲ್ಲಿಗಿಂತ ಕಡಿಮೆಯಾದರೆ ಅದು ಹಾಬಿನಂತೆಯೇ ಹಲ್ಲಿನ ಬುಡವನ್ನು ಕೊರೆದು ತೆಳ್ಳಗಾಗಿಸುತ್ತದೆ. ಮುಂದೆ ಕೈಗೆತ್ತಿಕೊಳ್ಳಲಿರುವ 14 ಹಲ್ಲಿನ ಪಿನಿಯನ್ನಿಗಾಗಿ ಬಿಲ್ಲೆಯ ವ್ಯಾಸವನ್ನು ತುಸು ಹೆಚ್ಚಿಸಿ, ಕಟರನ್ನು ಅಷ್ಟೇ ಹೊರಗೆ ಸರಿಸಿ ಕತ್ತರಿಸಲು ಪ್ರೋಗ್ರಾಂ ತಿದ್ದುತ್ತಿದ್ದೇನೆ.